ಪಿಕೇಸ್: ಪ್ಯಾಟರ್ನ್ ಸೊಗಸು, ಸೋತಾಗ ಮಾತ್ರ ಬಾಯಿ ಬಿಡಲ್ಲ

ಪಿಕೇಸ್ (pcase) ಅಂದರೆ ಡೇಟಾದ ಆಕಾರವನ್ನು ಒಂದು ಪ್ಯಾಟರ್ನ್ ಜೊತೆ ಹೋಲಿಸಿ, ಬೇಕಾದ ಭಾಗಗಳನ್ನು ಬಿಡಿಸಿಕೊಡುವ ಮ್ಯಾಕ್ರೋ. ಈಮ್ಯಾಕ್ಸ್ ಎಡಿಟರ್‌ನ ಭಾಷೆಯಾದ ಈಮ್ಯಾಕ್ಸ್ ಲಿಸ್ಪ್‌ಗೆ ಇದು ಬಂದಿದ್ದು 2012ರ 24.1 ಆವೃತ್ತಿಯಲ್ಲಿ. ಎಡಿಟರ್ ಜೊತೆಗೇ ಬರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಹೊರಗಿನ ಪ್ಯಾಕೇಜ್‌ಗಳನ್ನು ಆದಷ್ಟು ದೂರ ಇಡಬೇಕು ಅನ್ನುವ ಹಟ ನನ್ನದು. ಹಾಗಾಗಿ ವರ್ಷಗಳಿಂದ ಇದನ್ನೇ ಬಳಸುತ್ತಿದ್ದೇನೆ. ಯಾವ ಯಾವ ಪ್ಯಾಟರ್ನ್ ಇವೆ ಅನ್ನುವ ಪಟ್ಟಿ ಬೇಕಿದ್ದರೆ ಕಂಟ್ರೋಲ್-ಎಚ್ ಎಫ್ ಒತ್ತಿ ಪಿಕೇಸ್ ಅಂತ ಕೊಡಿ, ಎಲ್ಲ ಅಲ್ಲೇ ಇದೆ.

ನನಗೆ ಇದು ಜಾಸ್ತಿ ಬೇಕಾಗುವುದು ವೆಬ್ ಪುಟಗಳನ್ನು ಬಿಡಿಸಿ ನೋಡಲು. ಲಿಬ್‌ಎಕ್ಸ್‌ಎಂಎಲ್ ಲೈಬ್ರರಿ ಜೊತೆ ಕಟ್ಟಿದ ಈಮ್ಯಾಕ್ಸ್‌ಗೆ ಎಚ್‌ಟಿಎಂಎಲ್ ಕೊಟ್ಟರೆ ಅದು ಲಿಸ್ಟ್ ಆಗಿ ವಾಪಸ್ ಬರುತ್ತದೆ. ಮೊದಲು ಟ್ಯಾಗ್ ಹೆಸರು, ಆಮೇಲೆ ಅದರ ಗುಣಗಳು (ಆಟ್ರಿಬ್ಯೂಟ್), ಆಮೇಲೆ ಒಳಗಿನ ಮಕ್ಕಳು, ಅಂದರೆ ಅದರೊಳಗಿನ ಪಠ್ಯ ಮತ್ತು ಟ್ಯಾಗ್‌ಗಳು. ಇದರೊಳಗೆ ಕಾರ್ (ಲಿಸ್ಟಿನ ಮೊದಲನೆಯದು), ಕಡರ್ (ಉಳಿದದ್ದು) ಅಂತ ಇಳಿಯುತ್ತಾ ಹೋದರೆ ಒಂದು ವಾರ ಬಿಟ್ಟು ಓದುವಾಗ ತಲೆಬುಡ ಅರ್ಥವಾಗುವುದಿಲ್ಲ.

ಪಿಕೇಸ್‌ನಲ್ಲಿ ನಾನು ಮಾಡುವುದು ಹೀಗೆ. ಸ್ಕ್ರ್ಯಾಚ್ ಬಫರ್‌ನಲ್ಲಿ ಒಂದು ಲಿಂಕ್‌ನ ಲಿಸ್ಟ್ ಪ್ರಿಂಟ್ ಮಾಡಿಸುತ್ತೇನೆ. ಅದನ್ನು ಹಾಗೇ ಕಾಪಿ ಮಾಡಿ, ತಲೆಗೊಂದು ಬ್ಯಾಕ್‌ಕೋಟ್ ಹಾಕುತ್ತೇನೆ. ಒಂದು ಲಿಂಕ್‌ನಿಂದ ಇನ್ನೊಂದಕ್ಕೆ ಬದಲಾಗುವ ಭಾಗಗಳನ್ನು ಅಳಿಸಿ, ಅಲ್ಲಿ ಕಾಮಾ ಇಟ್ಟು ಒಂದೊಂದು ಹೆಸರು ಕೊಡುತ್ತೇನೆ. ಕೊನೆಗೆ ಉಳಿಯುವುದು ಇಷ್ಟೇ:

`(ಎ ,ಗುಣ . ,ಮಕ್ಕಳು)

ಟ್ಯಾಗ್ ಎ, ಅಂದರೆ ಲಿಂಕ್, ಆಗಿದ್ದರೆ ಮಾತ್ರ ಇದು ಹೊಂದುತ್ತದೆ. ಗುಣಗಳು ಒಂದು ಹೆಸರಿಗೆ, ಚುಕ್ಕೆಯ ಆಚೆ ಇರುವುದೆಲ್ಲ ಇನ್ನೊಂದು ಹೆಸರಿಗೆ ಬರುತ್ತದೆ. ಲಿಸ್ಪ್‌ನಲ್ಲಿ ಬ್ಯಾಕ್‌ಕೋಟ್, ಕಾಮಾ ಇಟ್ಟು ಲಿಸ್ಟ್ ಕಟ್ಟುತ್ತೇವಲ್ಲ, ಅದೇ ಬರಹ ಇಲ್ಲಿ ಲಿಸ್ಟನ್ನು ಬಿಚ್ಚುತ್ತದೆ. ಹೊಸ ಭಾಷೆ ಕಲಿಯುವ ರಗಳೆ ಇಲ್ಲ. ಡೇಟಾ ಹೇಗಿದೆಯೋ ಪ್ಯಾಟರ್ನ್ ಹಾಗೇ ಕಾಣುತ್ತದೆ. ಈ ಖುಷಿ ನನಗೆ ಇನ್ನೂ ಹಳತಾಗಿಲ್ಲ.

ಬೆಲೆಯನ್ನು ಒಂದು ಫಂಕ್ಷನ್ನಿಂದ ಪರೀಕ್ಷಿಸುವ ಪ್ರೆಡ್ ಅನ್ನುವ ಪ್ಯಾಟರ್ನ್ ಬಗ್ಗೆ ಒಂದು ಮಾತು. (ಪ್ರೆಡ್ ಸ್ಟ್ರಿಂಗ್‌ಪಿ) ಅಂದರೆ ಬರೀ ಪಠ್ಯ ಸಿಗುತ್ತದೆ, ಸರಿ. ಆದರೆ (ಪ್ರೆಡ್ (< 10)) ಅಂದರೆ ಹತ್ತಕ್ಕಿಂತ ಚಿಕ್ಕದು ಅಂದುಕೊಂಡೀರಿ ಜೋಕೆ! ಪರೀಕ್ಷಿಸುವ ಬೆಲೆ ಕೊನೆಯ ಆರ್ಗ್ಯುಮೆಂಟ್ ಆಗಿ ಸೇರುತ್ತದೆ. ಅಂದರೆ (< 10 ಬೆಲೆ). ಹತ್ತಕ್ಕಿಂತ ದೊಡ್ಡದು ಮಾತ್ರ ಪಾಸ್.

ಇಷ್ಟು ಇದ್ದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಸಿಟ್ಟು ಬರುವುದು ಯಾವುದೂ ಹೊಂದದೇ ಇದ್ದಾಗ. ಪಿಕೇಸ್ ಎರರ್ ಕೊಡುವುದಿಲ್ಲ, ಸುಮ್ನೆ ನಿಲ್ ಕೊಟ್ಟು ಮುಂದೆ ಹೋಗುತ್ತದೆ.

ಮೇಲಿನ ಪ್ಯಾಟರ್ನ್‌ನಲ್ಲಿ ಚುಕ್ಕೆ ಬಿಟ್ಟು `(ಎ ,ಗುಣ ,ಪಠ್ಯ) ಅಂತ ಬರೆದಿದ್ದಾರೆ ಅಂದುಕೊಳ್ಳಿ. ಇದು ಸರಿಯಾಗಿ ಒಂದೇ ಮಗು ಇರುವ ಲಿಂಕ್‌ಗೆ ಮಾತ್ರ ಹೊಂದುತ್ತದೆ. ಲಿಂಕ್‌ನ ಮಧ್ಯದಲ್ಲಿ ಒಂದು ಪದ ಬೋಲ್ಡ್ ಆಗಿದ್ದರೂ ಸಾಕು, ಮಕ್ಕಳು ಎರಡೋ ಮೂರೋ ಆಗುತ್ತವೆ, ಆ ಲಿಂಕ್ ಕೈತಪ್ಪುತ್ತದೆ. ಸಿಕ್ಕಿದ್ದು ನಿಲ್. ಲಿಸ್ಪ್‌ನಲ್ಲಿ ನಿಲ್ ಅಂದರೆ ಸುಳ್ಳೂ ಹೌದು, ಖಾಲಿ ಲಿಸ್ಟೂ ಹೌದು. ಫಲಿತಾಂಶಗಳನ್ನು ಅಪೆಂಡ್ ಮಾಡಿ ಒಟ್ಟು ಸೇರಿಸಿದರೆ ಅದರ ಗುರುತೂ ಉಳಿಯುವುದಿಲ್ಲ. ಹತ್ತು ಲಿಂಕ್ ಇದ್ದ ಪುಟದಿಂದ ಒಂಬತ್ತು ಬರುತ್ತವೆ, ಯಾರು ಎಣಿಸುತ್ತಾರೆ? ಲಿಸ್ಪ್ ಕುಟುಂಬದ ರಾಕೆಟ್ ಭಾಷೆಯ ಮ್ಯಾಚ್ ಇದೇ ಜಾಗದಲ್ಲಿ ಎರರ್ ಎತ್ತುತ್ತದೆ. ಅದಲ್ವಾ ಸರಿ?

ಕೋಟ್ ಇಲ್ಲದ ಸಿಂಬಲ್ ಅಂತೂ ಇದರ ತದ್ವಿರುದ್ಧ. ಟ್ಯಾಗ್ ಹೆಸರನ್ನು ಕೋಟ್ ಇಲ್ಲದೆ ಬರೀ ಸ್ಕ್ರಿಪ್ಟ್ ಅಂತ ಬರೆದರೆ ಅದು ಹೋಲಿಸುವುದೇ ಇಲ್ಲ. ಬಂದಿದ್ದನ್ನೆಲ್ಲ ಆ ಹೆಸರಿಗೆ ಕಟ್ಟಿಕೊಂಡು ಗೆದ್ದೆ ಅನ್ನುತ್ತದೆ. ಕೆಳಗಿನ ಸಾಲುಗಳಿಗೆ ಸರದಿಯೇ ಬರುವುದಿಲ್ಲ. ಬೈಟ್ ಕಂಪೈಲ್ ಮಾಡಿದರೆ ಹೊಸ ಆವೃತ್ತಿಗಳು ಎಚ್ಚರಿಸುತ್ತವೆ, ಹಾಗಾಗಿ ಇದನ್ನು ಕ್ಷಮಿಸಬಹುದು.

ಲಿಸ್ಟ್ ಬಿಚ್ಚಿ ಭಾಗಗಳಿಗೆ ನೇರ ಹೆಸರು ಕೊಡುವ ಪಿಕೇಸ್-ಲೆಟ್ ಇನ್ನೂ ಒಂದು ಕೈ ಮೇಲು. ಅದು ಪ್ಯಾಟರ್ನ್ ಹೊಂದಿಯೇ ಹೊಂದುತ್ತದೆ ಅಂತ ನಂಬಿಕೊಂಡು ಹೊರಡುತ್ತದೆ. ಟ್ಯಾಗ್ ಎ ಅಂತ ನೀವು ಬರೆದಿದ್ದರೂ, ಬಂದಿದ್ದು ಪ್ಯಾರಾ ಆಗಿದ್ದರೆ ಅದರ ಗುಣಗಳನ್ನೇ ತೆಗೆದು ಕೈಗಿಡುತ್ತದೆ. ಲಿಸ್ಟ್ ಗಿಡ್ಡವಾಗಿದ್ದರೆ ಉಳಿದ ಹೆಸರುಗಳಿಗೆಲ್ಲ ನಿಲ್.

ನ್ಯಾಯವಾಗಿ ಹೇಳಬೇಕೆಂದರೆ ಇದಕ್ಕೆ ಮದ್ದು ಅದರಲ್ಲೇ ಇದೆ. ಪಿಕೇಸ್-ಎಕ್ಸಾಸ್ಟಿವ್ ಅಂತ ಇನ್ನೊಂದು ಮ್ಯಾಕ್ರೋ ಇದೆ, ಯಾವುದೂ ಹೊಂದದಿದ್ದರೆ ಎರರ್ ಕೊಡುತ್ತದೆ. ಒಳ್ಳೆಯದಕ್ಕೆ ಉದ್ದ ಹೆಸರು, ಅಪಾಯದ್ದಕ್ಕೆ ಚಿಕ್ಕ ಹೆಸರು. ಇದು ಉಲ್ಟಾ ಇರಬೇಕಿತ್ತು. ನಾನಂತೂ ಎರಡಕ್ಷರ ಒತ್ತಿದರೆ ಆ ಉದ್ದ ಹೆಸರು ಮೂಡುವ ಹಾಗೆ ಅಬ್ರೆವ್ ಮಾಡಿಕೊಂಡಿದ್ದೇನೆ. ಬೇಡದ ಟ್ಯಾಗ್‌ಗಳನ್ನು ಬಿಡಬೇಕಿದ್ದರೆ ಕೊನೆಯಲ್ಲಿ (_ ನಿಲ್) ಅಂತ ಕೈಯಾರೆ ಬರೆಯುತ್ತೇನೆ, _ ಯಾವುದಕ್ಕಾದರೂ ಹೊಂದುತ್ತದೆ. ಬಿಟ್ಟಿದ್ದು ಬೇಕಂತಲೇ ಅನ್ನುವುದು ಓದುವವರಿಗೂ ಕಾಣುತ್ತದೆ. ಹೀಗೆ ಬಳಸಲು ಶುರು ಮಾಡಿದ ಮೇಲೆ ಸಿಟ್ಟು ಬಹಳಷ್ಟು ಇಳಿದಿದೆ.

ಪಿಕೇಸ್‌ಗೆ ನಾಲ್ಕು ಸ್ಟಾರ್. ಪಿಕೇಸ್-ಲೆಟ್‌ಗೆ ಎರಡೂವರೆ, ಅದನ್ನು ನನ್ನದೇ ಫಂಕ್ಷನ್ ಕಟ್ಟಿಕೊಟ್ಟ ಲಿಸ್ಟ್‌ಗೆ ಮಾತ್ರ ಬಳಸುತ್ತೇನೆ. ಎರಡು ಮೂರು ಸಿಂಬಲ್ ಹೋಲಿಸುವಷ್ಟೇ ಕೆಲಸವಿದ್ದರೆ ಇಷ್ಟೆಲ್ಲ ಬೇಡ, ಲಿಸ್ಪಿನ ಮಾಮೂಲಿ ಷರತ್ತು ಬರಹವಾದ ಕಾಂಡ್ ಸಾಕು.