ದೂರದ ಸವಾರಿಗೆ ದೊಡ್ಡ ಕುದುರೆಯೋ, ಸಣ್ಣದೋ?

80 ಕಿ.ಮೀ. ಎಂಡ್ಯೂರೆನ್ಸ್ ಸವಾರಿ (ಕುದುರೆಯ ದೂರದ ಓಟದ ಸ್ಪರ್ಧೆ) ಅಂದರೆ ಹೆಚ್ಚೂಕಡಿಮೆ ಧಾರವಾಡ ಬಿಟ್ಟು ಹುಬ್ಬಳ್ಳಿ ದಾಟಿ ಗದಗ ಮುಟ್ಟಿದಷ್ಟು ದೂರ, ಅದೂ ಒಂದೇ ದಿನದಲ್ಲಿ. ಇದಕ್ಕೆ ಕುದುರೆ ಕೊಳ್ಳಲು ಹೊರಟಾಗ ಐದೂವರೆ ಅಡಿಯ ಥರೋಬ್ರೆಡ್ (ರೇಸಿನ ಕುದುರೆಯ ತಳಿ) ಪಕ್ಕದಲ್ಲಿ ಐದಡಿಗೂ ಕಡಿಮೆಯ ಅರಬ್ಬಿ ತಳಿಯ ಕುದುರೆ ನಿಂತಿದ್ದರೆ ಕಣ್ಣು ದೊಡ್ಡದರ ಕಡೆಗೇ ಹೋಗುತ್ತದೆ. ನಾನಾದರೆ ಸಣ್ಣದನ್ನೇ ಹಿಡಿಯುತ್ತೇನೆ.

ಕಾರಣ ಶಾಖ. ಓಡುವ ಸ್ನಾಯುಗಳ ಬಿಸಿ ಬಹುಪಾಲು ಚರ್ಮದಿಂದ, ಬೆವರಾಗಿ ಹೊರಹೋಗಬೇಕು. ಮೈ ದೊಡ್ಡದಾದಾಗ ತೂಕ ಏರಿದಷ್ಟು ಚರ್ಮದ ಹರವು ಏರುವುದಿಲ್ಲ. ಹಾಗಾಗಿ ದಪ್ಪ ಮೈಯ ಕುದುರೆ ತಣಿಯುವುದು ತಡ. ಮೈ ತಣಿಯದೆ ಎದೆಬಡಿತವೂ ಬೇಗ ಇಳಿಯದು; ಸವಾರಿಯ ನಡುವಿನ ತಪಾಸಣೆಯಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಪಶುವೈದ್ಯರು ಮುಂದಕ್ಕೆ ಬಿಡುವುದಿಲ್ಲ. ನವಲಗುಂದದ ಕಡೆ ಏಪ್ರಿಲ್ ಬಿಸಿಲಲ್ಲಿ, ನೆರಳೇ ಇಲ್ಲದ ಎರೆ ಹೊಲಗಳ ದಾರಿಯಲ್ಲಿ ಅಭ್ಯಾಸ ಮಾಡಿಸುವವರಿಗೆ ಬೇಗ ತಣಿಯುವ ಮೈಯ ಬೆಲೆ ಬೇಗ ತಿಳಿಯುತ್ತದೆ.

ದೊಡ್ಡದಕ್ಕೂ ಅನುಕೂಲವಿದೆ: ಹೆಜ್ಜೆ ಉದ್ದ, ಭಾರದ ಸವಾರರಿಗೆ ಒಪ್ಪುತ್ತದೆ. ಜೀನು ಸೇರಿ ಹೊರೆ ಕುದುರೆಯ ತೂಕದ ಶೇ. 20 ಮೀರಬಾರದು ಎನ್ನುವುದು ರೂಢಿಯ ಲೆಕ್ಕ. 420 ಕಿಲೋ ಕುದುರೆಗೆ 84 ಕಿಲೋ. ನೀವೇ 90 ಕಿಲೋ ಇದ್ದರೆ ಸಣ್ಣ ಕುದುರೆಯ ಆಸೆ ಬಿಡಿ. ಬೆನ್ನು ನೊಂದರೂ ಆ ಮೂಕಪ್ರಾಣಿ ಬಾಯಿಬಿಟ್ಟು ಹೇಳದು. ಆಗಲೂ ಎತ್ತರಕ್ಕಿಂತ ಮೊದಲು ಮೊಣಕಾಲ ಕೆಳಗಿನ ಎಲುಬಿನ ದಪ್ಪ ನೋಡಿ. ಗರಸಿನ ದಾರಿಯಲ್ಲಿ ಪೆಟ್ಟು ತಿನ್ನುವುದು ಆ ಕಾಲುಗಳೇ, ಮೈಭಾರ ಹೆಚ್ಚಿದಷ್ಟು ಪೆಟ್ಟೂ ಹೆಚ್ಚು.

ಎರಡರ ನಡುವಿನ ಎತ್ತರ ಬೇಕೆಂದರೆ ಮಾರ್ವಾಡಿ ತಳಿ ಇದೆ. ರಾಜಸ್ಥಾನದ ಮರಳುಗಾಡಿನದು, ಬಿಸಿಲು ಅದಕ್ಕೆ ಹೊಸದಲ್ಲ.