ಒಣಗಿದ ಕಣ್ಣಿಗೆ ಬಾಟಲಿಯ ಹನಿಯೋ, ಒಂಟಿ ಡೋಸಿನದೋ, ಜೆಲ್ಲೋ?

ಕೃತಕ ಕಣ್ಣೀರನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಬೆಲೆಯನ್ನಲ್ಲ, ದಿನಕ್ಕೆ ಎಷ್ಟು ಸಲ ಹಾಕಿಕೊಳ್ಳುತ್ತೀರಿ ಎಂಬುದನ್ನು. ಬಾಟಲಿಯ ಹನಿ ಅಗ್ಗ, ತೆರೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳು ಬಳಸಬಹುದು; ಸಂಜೆ ಕಂಪ್ಯೂಟರ್ ಮುಂದೆ ಕಣ್ಣು ಉರಿದಾಗ ಒಂದೆರಡು ಸಲ ಹಾಕಿಕೊಳ್ಳುವವರಿಗೆ ಅಷ್ಟೇ ಸಾಕು. ಆದರೆ ಹಲವು ಬಾಟಲಿಗಳಲ್ಲಿ ಸೂಕ್ಷ್ಮಾಣು ಬೆಳೆಯದಂತೆ ಬೆರೆಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ, ದಿನಕ್ಕೆ 4ರಿಂದ 6 ಸಲಕ್ಕಿಂತ ಹೆಚ್ಚು ಕಣ್ಣಿಗೆ ಬಿದ್ದರೆ, ಮೇಲ್ಪದರವನ್ನೇ ಕೆರಳಿಸಿ ನಾವು ತಗ್ಗಿಸಹೊರಟ ಉರಿಯನ್ನೇ ಹೆಚ್ಚಿಸಬಹುದು. ಅಷ್ಟು ಸಲ ಹಾಕಿಕೊಳ್ಳುವವರು ದುಬಾರಿಯಾದರೂ ಸಂರಕ್ಷಕವಿಲ್ಲದ ಒಂಟಿ ಡೋಸಿನ ಪುಟ್ಟ ಪ್ಲಾಸ್ಟಿಕ್ ಕೊಳವೆಗಳನ್ನೇ ಕೊಳ್ಳುವುದು ಲೇಸೆಂದು ನನ್ನ ದೃಢ ಅಭಿಪ್ರಾಯ. ಅದರ ತುದಿ ಮುರಿಯಲು ಬೆರಳಲ್ಲಿ ಕಸುವು ಬೇಕು. ಸಂಧಿವಾತವಿರುವ ಹಿರಿಯರಿಗೆ ಇದು ನಿಜವಾದ ತೊಡಕು.

ಜೆಲ್ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ದೃಷ್ಟಿ ಮಂಜಾಗುವುದರಿಂದ ಮಲಗುವ ಮುನ್ನವೇ ಹಾಕಿಕೊಳ್ಳಬೇಕು. ಬೆಳಿಗ್ಗೆ ರೆಪ್ಪೆ ಬಿಡಿಸುವಾಗಲೇ ಮರಳು ಚುಚ್ಚಿದಂತಾಗುವವರಿಗೆ ಇದು ಹೊಂದುತ್ತದೆ.

ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡಿದ್ದರೆ ಕಣ್ಣೀರು ಬೇಗ ಆರುತ್ತದೆ. ಆಗ ಯಾವ ಹನಿಯ ಜೊತೆಗೂ 5ರಿಂದ 10 ನಿಮಿಷ ಬೆಚ್ಚನೆಯ ಬಟ್ಟೆಯ ಶಾಖ ಬೇಕು. ನೋವು, ಬೆಳಕು ಸಹಿಸಲಾಗದಿರುವುದು ಅಥವಾ ದೃಷ್ಟಿ ಕುಂದುವುದು ಕಂಡರೆ ಆಯ್ಕೆಯನ್ನು ಬದಿಗಿಟ್ಟು ನೇತ್ರತಜ್ಞರನ್ನು ಕಾಣಿರಿ.