ಬ್ರೈನ್ ಟ್ರೈನಿಂಗ್ ಪ್ಯಾಕೇಜ್, ಎರಡು ವರ್ಷ ಬಳಸಿದ ಮೇಲೆ: ಲೆವೆಲ್ ಏರ್ತು, ಓದು ಮಾತ್ರ ಬೇರೆ ಕಡೆಯಿಂದ ಬಂತು

ಡಿಸ್ಲೆಕ್ಸಿಯಾ (ಬುದ್ಧಿ ಚೆನ್ನಾಗಿದ್ರೂ ಓದು ಬರಹ ಕಷ್ಟ ಆಗೋ ತೊಂದರೆ) ಇರೋ ಮಗುಗೆ ಬ್ರೈನ್ ಟ್ರೈನಿಂಗ್ ಕೊಡಿಸ್ಲಾ ಬೇಡ್ವಾ ಅಂತ ತಲೆ ಕೆಡಿಸ್ಕೊಂಡಿರೋ ಅಪ್ಪ ಅಮ್ಮಂದಿರಿಗೋಸ್ಕರ ಬರೀತಿದೀನಿ. ನಮ್ಮನೇಲಿ ಎರಡು ವರ್ಷಕ್ಕೂ ಮೇಲೆ ಬಳಸಿದೀವಿ, ಮೊದಲು ಸೆಂಟರಿಗೆ ಹೋಗಿ, ಆಮೇಲೆ ಮನೇಲೇ ಟ್ಯಾಬಲ್ಲಿ. ನನ್ನ ರೇಟಿಂಗ್ 5ಕ್ಕೆ 2. ಸೆಂಟರ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಹೆಸರು ಬೇರೆ ಬೇರೆ ಇದ್ರೂ ಈ ಪ್ಯಾಕೇಜುಗಳು ಒಳಗೆ ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ನೀವು ಯಾವುದಕ್ಕೆ ವಿಚಾರಿಸಿದ್ರೂ ನಾನು ಹೇಳೋದು ಉಪಯೋಗಕ್ಕೆ ಬರುತ್ತೆ.

ನನ್ ಮಗ ಈಗ ಐದನೇ ಕ್ಲಾಸು, ಶುರು ಮಾಡಿದಾಗ ಮೂರನೇ ಕ್ಲಾಸು. ಮೈಸೂರಲ್ಲಿದೀವಿ. ಮಾತಾಡೋಕೆ ಕೂತ್ರೆ ಚಂದ್ರಯಾನದಿಂದ ಹಿಡಿದು ಕ್ರಿಕೆಟ್ ತನಕ ಎಲ್ಲಾ ಹೇಳ್ತಾನೆ, ಪುಸ್ತಕ ಮುಂದೆ ಇಟ್ರೆ ಮುಖ ಸಪ್ಪಗಾಗ್ತಿತ್ತು. ಡಿಕ್ಟೇಷನ್ ಇರೋ ದಿನ ಹೊಟ್ಟೆನೋವು ಅಂತ ಮಲಗ್ಬಿಡ್ತಿದ್ದ. ಸ್ಕೂಲಲ್ಲಿ "ಗಮನ ಇಲ್ಲ, ಸೋಮಾರಿ" ಅಂತ ಬರೆದು ಕಳ್ಸೋರು. ಮಾನಸಗಂಗೋತ್ರಿಯಲ್ಲಿರೋ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಯಲ್ಲಿ ಅಸೆಸ್ಮೆಂಟ್ ಮಾಡಿಸಿದ್ವಿ, ಬುದ್ಧಿಶಕ್ತಿ ಚೆನ್ನಾಗಿದೆ, ಓದು ಬರಹದಲ್ಲಿ ನಿರ್ದಿಷ್ಟ ಕಲಿಕಾ ತೊಂದರೆ ಇದೆ, ಜೊತೆಗೆ ವರ್ಕಿಂಗ್ ಮೆಮೊರಿ (ಕೇಳಿದ್ದು ನೋಡಿದ್ದನ್ನ ಸ್ವಲ್ಪ ಹೊತ್ತು ತಲೇಲಿ ಹಿಡಿದಿಟ್ಕೊಂಡು ಬಳಸೋ ಶಕ್ತಿ) ಸ್ವಲ್ಪ ಕಮ್ಮಿ ಅಂತ ರಿಪೋರ್ಟ್ ಬಂತು. ಆ "ವರ್ಕಿಂಗ್ ಮೆಮೊರಿ ಕಮ್ಮಿ" ಅನ್ನೋ ಒಂದು ಸಾಲು ಹಿಡ್ಕೊಂಡೇ ಬ್ರೈನ್ ಟ್ರೈನಿಂಗ್ ಸೆಂಟರ್ ನಮ್ಮನೆಗೆ ಬಂದಿದ್ದು.

ಪ್ಯಾಕೇಜಲ್ಲಿ ಏನಿತ್ತು ಅಂದ್ರೆ, ವಾರಕ್ಕೆ ಐದು ದಿನ, ದಿನಾ ಸುಮಾರು ಮುಕ್ಕಾಲು ಗಂಟೆ ಕಂಪ್ಯೂಟರ್ ಆಟಗಳು. ಸ್ಕ್ರೀನ್ ಮೇಲೆ ಚೌಕಗಳಿರ್ತವೆ, ಒಂದೊಂದಾಗಿ ಲೈಟ್ ಹತ್ತುತ್ತೆ, ಅದೇ ಕ್ರಮದಲ್ಲಿ ಮುಟ್ಟಬೇಕು, ಆಮೇಲೆ ಉಲ್ಟಾ ಕ್ರಮದಲ್ಲಿ. ಅಂಕಿ ಹೇಳ್ತಾರೆ, ಹಿಂದಿನಿಂದ ಹೇಳ್ಬೇಕು. ಸರಿ ಆದ್ರೆ ಕಷ್ಟ ಜಾಸ್ತಿ ಆಗುತ್ತೆ, ತಪ್ಪಾದ್ರೆ ಸುಲಭ ಆಗುತ್ತೆ. ಇದರ ಜೊತೆ ಬಲ ಮೊಣಕೈನ ಎಡ ಮೊಣಕಾಲಿಗೆ ಮುಟ್ಟಿಸೋ ಥರದ ವ್ಯಾಯಾಮ, ನಡುನಡುವೆ ನೀರು ಕುಡಿಯೋದು. ಇದು ಅಮೆರಿಕದ ಡೆನಿಸನ್ ದಂಪತಿ ಮಾಡಿದ ಬ್ರೈನ್ ಜಿಮ್ ಅನ್ನೋದ್ರಿಂದ ಬಂದಿದ್ದು. ಮಗು ಕೈಕಾಲು ಆಡಿಸ್ತು, ಒಳ್ಳೇದೇ, ಅದರಿಂದ ಓದು ಬರುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಮೊದಲ ಸೈಕಲ್ಲಿಗೆ (ಟ್ರೈನಿಂಗಿನ ಒಂದು ಪೂರ್ತಿ ಸುತ್ತಿಗೆ ಅವರು ಹೇಳೋ ಹೆಸರು) ಹತ್ತಿರತ್ತಿರ 40 ಸಾವಿರ, ಆಮೇಲೆ ಮನೇಲಿ ಆಡೋಕೆ ಆಪ್ ಲೈಸೆನ್ಸು ಬೇರೆ. "ಬ್ರೈನ್ ಮ್ಯಾಪಿಂಗ್" ಅಂತ ಇನ್ನೊಂದು ಹೇಳಿದ್ರು, ಅದಕ್ಕೆ ನಾವು ಒಪ್ಪಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ಬೇಕು, ನಾನು ಹೇಳ್ತಿರೋದು ಮಿಡ್ ಬ್ರೈನ್ ಆಕ್ಟಿವೇಷನ್ ಬಗ್ಗೆ ಅಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸ್ತೀವಿ ಅನ್ನೋರ ಹತ್ರ ದಯವಿಟ್ಟು ಹೋಗ್ಬೇಡಿ. ಬಟ್ಟೆ ಕಟ್ಟಿದ್ರೂ ಮೂಗಿನ ಪಕ್ಕದ ಸಂದಿಯಲ್ಲಿ ಮಕ್ಕಳಿಗೆ ಕಾಣುತ್ತೆ ಅಷ್ಟೇ, ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನ ಬಹಿರಂಗವಾಗಿ ಎಷ್ಟೋ ಸಲ ಬಯಲು ಮಾಡಿದಾರೆ. ಓದೋಕೆ ಕಷ್ಟಪಡೋ ಮಗೂಗೆ ಇಣುಕಿ ನೋಡಿ ಸುಳ್ಳು ಹೇಳೋದು ಕಲಿಸಿದ ಹಾಗಾಗುತ್ತೆ, ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ವರ್ಕಿಂಗ್ ಮೆಮೊರಿ ಟ್ರೈನಿಂಗ್ ಹಾಗಲ್ಲ, ಅದರ ಹಿಂದೆ ಒಂದು ವಿಚಾರ ಇದೆ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಟಾರ್ಕೆಲ್ ಕ್ಲಿಂಗ್‌ಬರ್ಗ್ ಅನ್ನೋ ವಿಜ್ಞಾನಿ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇರೋ ಮಕ್ಕಳ ಮೇಲೆ ಈ ಥರ ಟ್ರೈನಿಂಗಿನ ಪ್ರಯೋಗ ಮಾಡಿ 2002ರಲ್ಲಿ ಪ್ರಕಟಿಸಿದ್ರು, ಅದರಿಂದ ಕಾಗ್‌ಮೆಡ್ ಅನ್ನೋ ಪ್ರೋಗ್ರಾಂ ಬಂತು, ಐದು ವಾರ, 25 ಸೆಷನ್. ನಮ್ಮ ಸೆಂಟರಿನ ಆಟಗಳೂ ಅದೇ ಜಾತಿಗೆ ಸೇರಿದ್ದು. ಯೋಚನೆ ಏನಂದ್ರೆ, ಮಗು ಒಂದು ಪದ ಓದ್ಬೇಕಾದ್ರೆ ಮೊದಲ ಅಕ್ಷರದ ಶಬ್ದ ತಲೇಲಿ ಇಟ್ಕೊಂಡು ಮುಂದಿಂದು ಸೇರಿಸ್ಬೇಕು, ಆ ಹಿಡಿದಿಡೋ ಶಕ್ತಿ ಬೆಳೆದ್ರೆ ಓದೂ ಸುಲಭ ಆಗ್ಬೇಕು. ಕೇಳೋಕೆ ಸರಿಯಾಗೇ ಇದೆ. ನಂಗೂ ಸರಿ ಅನ್ನಿಸ್ತು.

ಆಟದಲ್ಲಿ ಅವನು ನಿಜವಾಗ್ಲೂ ಸುಧಾರಿಸ್ದ. ಶುರುವಲ್ಲಿ ಮೂರು ಲೈಟ್ ನೆನಪಿಟ್ಕೊಳ್ಳೋಕೆ ಒದ್ದಾಡ್ತಿದ್ದೋನು ಕೆಲವೇ ವಾರಕ್ಕೆ ಆರು ಲೈಟ್ ಸರಾಗ ಹೇಳ್ತಿದ್ದ, ನಂಗೇ ಆಗ್ತಿರ್ಲಿಲ್ಲ. ಸೆಂಟರಿನೋರು ಕೊಟ್ಟ ಗ್ರಾಫಲ್ಲಿ ಗೆರೆ ಮೇಲೇರ್ತಾ ಇತ್ತು. ಅದೇ ವಾರ ಸ್ಕೂಲ್ ಕನ್ನಡ ನೋಟ್ಸಲ್ಲಿ "ಸೂರ್ಯ"ನ "ಸೂಯರ" ಅಂತಾನೇ ಓದ್ತಿದ್ದ, "ಕರ್ನಾಟಕ" ಅಂದ್ರೆ "ಕನಾರಟಕ". ಚೌಕಾಬಾರ ದಿನಾ ಆಡಿದ್ರೆ ಚೌಕಾಬಾರದಲ್ಲಿ ಗೆಲ್ತೀವಿ, ಅದರಿಂದ ಮಗ್ಗಿ ಬರಲ್ಲವಲ್ಲ, ಹಂಗೇ ಆಗಿತ್ತು ಇದು.

ಇದು ನಮ್ಮ ಮಗನ ಒಬ್ಬನ ಕತೆ ಅಲ್ಲ. ಮೆಲ್ಬರ್ನಲ್ಲಿ ವರ್ಕಿಂಗ್ ಮೆಮೊರಿ ಕಮ್ಮಿ ಇರೋ 452 ಒಂದನೇ ಕ್ಲಾಸಿನ ಮಕ್ಕಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಕಾಗ್‌ಮೆಡ್ ಕೊಟ್ಟು ನೋಡಿದ್ರು, 2016ರಲ್ಲಿ ಫಲಿತಾಂಶ ಬಂತು. ಎರಡು ವರ್ಷ ಆದ್ಮೇಲೆ ಓದೋದ್ರಲ್ಲಿ, ಸ್ಪೆಲ್ಲಿಂಗಲ್ಲಿ ವ್ಯತ್ಯಾಸ ಇಲ್ಲ, ಲೆಕ್ಕದಲ್ಲಂತೂ ಟ್ರೈನಿಂಗ್ ತಗೊಂಡೋರೇ ಸ್ವಲ್ಪ ಹಿಂದೆ. ಟ್ರೈನಿಂಗಿಗೋಸ್ಕರ ಕ್ಲಾಸಿನ ಸಮಯ ಹೋಗಿದ್ದನ್ನೂ ಆ ಸಂಶೋಧಕರು ಎತ್ತಿ ಹೇಳಿದಾರೆ. ಅದಕ್ಕೂ ಮೊದಲು 2013ರಲ್ಲಿ ಮೆಲ್ಬಿ-ಲೆರ್ವಾಗ್ ಮತ್ತು ಹ್ಯೂಮ್ ಅನ್ನೋ ಇಬ್ಬರು ಸಂಶೋಧಕರು ಅಲ್ಲಿ ತನಕ ಬಂದ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿ ಹೇಳಿದ್ದೂ ಅದೇ: ಟ್ರೈನಿಂಗ್ ಮಾಡಿದ ಆಟದಂಥದ್ದೇ ಕೆಲಸದಲ್ಲಿ ಸುಧಾರಣೆ, ಅದೂ ಸ್ವಲ್ಪ ದಿನ, ಓದು ಲೆಕ್ಕಕ್ಕೆ ಅದು ದಾಟ್ಕೊಂಡು ಬರಲ್ಲ. ಅಮೆರಿಕದಲ್ಲಿ 2016ರಲ್ಲೇ ಲ್ಯೂಮಾಸಿಟಿ ಅನ್ನೋ ಬ್ರೈನ್ ಟ್ರೈನಿಂಗ್ ಆಟಗಳ ಕಂಪನಿ ಆಧಾರ ಇಲ್ದೆ ಜಾಹೀರಾತು ಮಾಡಿದೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ (ಗ್ರಾಹಕರಿಗೆ ಮೋಸ ಆಗದ ಹಾಗೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಕೇಸ್ ಹಾಕಿ, ಕಂಪನಿ 20 ಲಕ್ಷ ಡಾಲರ್ ಕಟ್ಟೋಕೆ ಒಪ್ಪಿ ರಾಜಿ ಆಯ್ತು, ಅದೇ ವರ್ಷ ಲರ್ನಿಂಗ್ ಆರ್‌ಎಕ್ಸ್ ಅನ್ನೋ ಸೆಂಟರ್ ಜಾಲ 2 ಲಕ್ಷ ಡಾಲರ್ ಕಟ್ತು. ನಮ್ಮಲ್ಲಿ ಬ್ರೋಷರಲ್ಲಿ ಬರೋ ಮಾತುಗಳು ನೋಡಿದ್ರೆ ಇವೆಲ್ಲಾ ನೆನಪಾಗುತ್ತೆ.

ಈಗ ನನ್ನ ದೊಡ್ಡ ದೂರು. ದುಡ್ಡಲ್ಲ. "ಈ ಸೈಕಲ್ ಮುಗಿಯೋ ತನಕ ಸ್ಪೆಷಲ್ ಎಜುಕೇಟರ್ ಬೇಡ ಮೇಡಂ, ಮಗೂಗೆ ಲೋಡ್ ಆಗುತ್ತೆ, ಮೊದಲು ಬ್ರೈನ್ ರೆಡಿ ಆಗ್ಲಿ" ಅಂತ ಅಲ್ಲಿನ ಕೌನ್ಸೆಲರ್ ಹೇಳಿದ್ರು. ಮೂರನೇ ಕ್ಲಾಸಿನ ಎಷ್ಟೋ ತಿಂಗಳು ಹಾಗೇ ಹೋಯ್ತು, ಓದೋಕೆ ಯಾರೂ ಹೇಳ್ಕೊಡದೇ. ಮಗು ಸಂಜೆ ಸ್ಕೂಲಿಂದ ಬಂದು ಸುಸ್ತಾಗಿರ್ತಾನೆ, ಅವನಲ್ಲಿ ಉಳಿದಿರೋ ಮುಕ್ಕಾಲು ಗಂಟೆ ಗಮನ ಯಾವುದಕ್ಕೆ ಕೊಡ್ತೀವಿ ಅನ್ನೋದೇ ಎಲ್ಲಾ. ಅವರ ರಿಪೋರ್ಟಲ್ಲಿ ಬರೀ ಆಟದ ಸ್ಕೋರ್ ಇರ್ತಿತ್ತು. ಮುಂಚೆ ಇಷ್ಟು ಓದ್ತಿದ್ದ, ಈಗ ಇಷ್ಟು ಓದ್ತಾನೆ ಅಂತ ತೋರ್ಸಿ ಅಂತ ಕೇಳ್ದೆ, ಓದೋ ಟೆಸ್ಟೇ ಅವರ ಹತ್ರ ಇರ್ಲಿಲ್ಲ. ಕನ್ನಡದಲ್ಲಂತೂ ಒಂದಕ್ಷರ ಇಲ್ಲ, ಇರೋ ಶಬ್ದದ ಆಟಗಳೆಲ್ಲಾ ಇಂಗ್ಲಿಷ್, ಅದೂ ಅಮೆರಿಕನ್ ಉಚ್ಚಾರಣೆ. ಉತ್ತರ ಒಂದೇ: "ಇನ್ನೊಂದು ಸೈಕಲ್ ಮಾಡ್ಸಿ." ರೀಫಂಡ್ ಬಗ್ಗೆ ಕೇಳಿದ್ಮೇಲೆ ಫೋನ್ ತೆಗೆಯೋದೇ ಕಮ್ಮಿ ಆಯ್ತು.

ಓದು ಬಂದಿದ್ದು ರೆಮಿಡಿಯಲ್ ಟೀಚರ್ ಹತ್ರ, ಅಂದ್ರೆ ಓದೋಕೆ ಕಷ್ಟಪಡೋ ಮಕ್ಕಳಿಗೆ ಬೇರೆಯಾಗಿ ಹೇಳ್ಕೊಡೋರ ಹತ್ರ. ವಾರಕ್ಕೆ ಮೂರು ಸಂಜೆ, ಅವರ ಮನೆ ಹಾಲಲ್ಲಿ, ಚಾಪೆ ಮೇಲೆ. ಕಂಪ್ಯೂಟರ್ ಇಲ್ಲ. ಸ್ಟೀಲ್ ತಟ್ಟೇಲಿ ರವೆ ಹರಡಿ ಅದರ ಮೇಲೆ ಬೆರಳಲ್ಲಿ ಅಕ್ಷರ ಬರೆಸ್ತಾ, ಬರೀತಾನೇ ಶಬ್ದ ಜೋರಾಗಿ ಹೇಳಿಸ್ತಿದ್ರು. 1930ರ ದಶಕದಲ್ಲಿ ಅಮೆರಿಕದಲ್ಲಿ ಆರ್ಟನ್, ಗಿಲ್ಲಿಂಗ್‌ಹ್ಯಾಮ್ ಅನ್ನೋರು ಶುರು ಮಾಡಿದ ಪದ್ಧತಿ ಅದು, ನೋಡೋದು ಕೇಳೋದು ಮುಟ್ಟೋದು ಎಲ್ಲಾ ಒಟ್ಟಿಗೆ, ಒಂದು ಗಟ್ಟಿ ಆಗದೆ ಮುಂದಿನದಕ್ಕೆ ಹೋಗಂಗಿಲ್ಲ. ಅದನ್ನ ಅವರು ಕಾಗುಣಿತಕ್ಕೆ, ಒತ್ತಕ್ಷರಕ್ಕೆ ತಕ್ಕ ಹಾಗೆ ಮಾಡ್ಕೊಂಡಿದ್ರು.

ಅರ್ಕಾವತ್ತು ಹೇಳ್ಕೊಟ್ಟಿದ್ದು ನಾನು ಪಕ್ಕದಲ್ಲೇ ಕೂತು ನೋಡಿದೀನಿ. ಅರ್ಕಾವತ್ತು ಬರೆಯೋದು ಅಕ್ಷರ ಆದ್ಮೇಲೆ ಅದರ ಬಲಗಡೆ, ಓದೋದು ಅಕ್ಷರಕ್ಕಿಂತ ಮುಂಚೆ. ನಮಗೆ ಅಭ್ಯಾಸ ಆಗಿ ಗೊತ್ತೇ ಆಗಲ್ಲ, ಇವನು ಪಾಪ ಕಣ್ಣಿಗೆ ಕಂಡ ಕ್ರಮದಲ್ಲೇ ಓದ್ತಿದ್ದ, ಅದಕ್ಕೇ "ಸೂಯರ". ಟೀಚರ್ ಕೆಂಪು ಪೆನ್ಸಿಲ್ ಕೊಟ್ಟು, ಎಲ್ಲಿ ಆ ಗುರುತು ಕಂಡ್ರೂ ಅಲ್ಲಿಂದ ಹಿಂದಿನ ಅಕ್ಷರದ ಎಡಗಡೆಗೆ ಒಂದು ಬಾಣ ಎಳೀಬೇಕು, ಎಳೆದ ಮೇಲೇ ಬಾಯಿ ತೆಗೀಬೇಕು ಅಂದ್ರು. ಬಾಣ ಎಳೆದ, "ಸೂರ್" ಅಂದ, ನಿಲ್ಸಿದ, "ಯ" ಅಂದ. ಆಮೇಲೆ ಪೂರ್ತಿ ಹೇಳ್ದ. ಹೀಗೇ ತಿಂಗಳುಗಟ್ಟಲೆ, ವರ್ಷ, ಸ್ವರ್ಗ, ಮಾರ್ಗ, ಅರ್ಧ, ದಿನಾ ನಾಲ್ಕೈದು ಪದ, ಅಷ್ಟೇ. ಪೆನ್ಸಿಲ್ ಹೋಯ್ತು, ಬೆರಳಲ್ಲಿ ಬಾಣ ತೋರ್ಸೋಕೆ ಶುರು ಮಾಡ್ದ, ಆಮೇಲೆ ಬೆರಳೂ ಬೇಡ ಆಯ್ತು. ಒಂದಿನ ಸ್ಕೂಟರಲ್ಲಿ ಬರ್ತಿರ್ಬೇಕಾದ್ರೆ ಹಿಂದಿನಿಂದ "ಅಮ್ಮಾ, ಮೆಟ್ರೋಪೋಲ್ ಸರ್ಕಲ್" ಅಂತ ಬೋರ್ಡ್ ಓದಿದ, ನಾನು ಗಾಡಿ ಪಕ್ಕಕ್ಕೆ ಹಾಕಿ ಅವನನ್ನ ತಬ್ಕೊಂಡೆ.

ಇಂಗ್ಲಿಷಿನ ಡಿಸ್ಲೆಕ್ಸಿಯಾ ವಿಷಯ ಎಲ್ಲಾ ಕಡೆ ಸಿಗುತ್ತೆ, ಕನ್ನಡದ್ದು ಕಮ್ಮಿ, ಅದಕ್ಕೇ ಇಷ್ಟು ಹೇಳ್ದೆ. ಸೋನಾಲಿ ನಾಗ್ ಅನ್ನೋ ಸಂಶೋಧಕಿ ಕನ್ನಡ ಓದೋ ಮಕ್ಕಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಾರೆ, ಅವರ ಪ್ರಕಾರ ಯಾವ ತೊಂದರೆನೂ ಇಲ್ಲದ ಮಕ್ಕಳಿಗೂ ಗುಣಿತಾಕ್ಷರ ಒತ್ತಕ್ಷರ ಪೂರ್ತಿ ಕೈವಶ ಆಗೋಕೆ ನಾಲ್ಕನೇ ಕ್ಲಾಸಿನ ತನಕ ಹಿಡಿಯುತ್ತೆ. ಅಂದ್ಮೇಲೆ ಎರಡನೇ ಕ್ಲಾಸಲ್ಲಿ ಒತ್ತಕ್ಷರ ತಪ್ಪಿದ ತಕ್ಷಣ ಗಾಬರಿ ಬೇಡ, ಆದ್ರೆ ಮೂಲಾಕ್ಷರಗಳೇ ಇನ್ನೂ ಗೊಂದಲ ಇದ್ರೆ, ಪ ವ ಷ ಅದಲು ಬದಲಾಗ್ತಿದ್ರೆ, "ದೊಡ್ಡೋನಾದ್ಮೇಲೆ ಸರಿಹೋಗುತ್ತೆ" ಅಂತ ಕೂರಬೇಡಿ, ನಮ್ಮತ್ತೆನೂ ಹಾಗೇ ಹೇಳ್ತಿದ್ರು, ಪ್ರೀತಿಯಿಂದಾನೇ. ಮನೇಸರಿನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದೋರು ಡಾಲಿ ಅಂತ ಭಾರತೀಯ ಭಾಷೆಗಳಿಗೇ ಡಿಸ್ಲೆಕ್ಸಿಯಾ ಪರೀಕ್ಷೆ ಮಾಡಿದಾರೆ, ಅದರಲ್ಲಿ ಕನ್ನಡನೂ ಇದೆ. ಅಸೆಸ್ಮೆಂಟ್ ಮಾಡ್ಸೋವಾಗ ಕನ್ನಡದಲ್ಲೂ ಟೆಸ್ಟ್ ಮಾಡಿ ಅಂತ ಕೇಳಿ.

ಹಾಗಾದ್ರೆ ಆ ಎರಡು ಸ್ಟಾರ್ ಯಾಕೆ? ಒಂದು, ಎಲ್ಲದರಲ್ಲೂ ಸೋಲ್ತೀನಿ ಅಂತಿದ್ದ ಹುಡುಗ ಆಟದಲ್ಲಿ ಲೆವೆಲ್ ಗೆದ್ದಾಗ ಅವನ ಮುಖದಲ್ಲಿ ಬಂದ ಕಳೆ ನಾನು ನೋಡಿದೀನಿ, ಆ ವಯಸ್ಸಲ್ಲಿ ಅದಕ್ಕೆ ಬೆಲೆ ಇದೆ. ಇನ್ನೊಂದು, ಮುಕ್ಕಾಲು ಗಂಟೆ ಒಂದೇ ಕಡೆ ಕೂರೋ ಅಭ್ಯಾಸ ಆಯ್ತು, ಅದು ಆಮೇಲೆ ರೆಮಿಡಿಯಲ್ ಕ್ಲಾಸಲ್ಲಿ ಉಪಯೋಗಕ್ಕೆ ಬಂತು. ಅಲ್ಲಿದ್ದ ಟ್ರೈನರ್ ಹುಡುಗಿ ಕೂಡ ತುಂಬಾ ಒಳ್ಳೇವಳು, ಮಗುನ ಒಂದು ದಿನಾನೂ ಗದರಲಿಲ್ಲ.

ಆದ್ರೂ ವಿಚಾರಿಸೋಕೆ ಹೋಗ್ತೀರಾ ಅಂದ್ರೆ ದುಡ್ಡು ಕಟ್ಟೋ ಮುಂಚೆ ಒಂದು ಕೇಳಿ: ಮೊದಲ ದಿನ ನನ್ ಮಗು ಒಂದು ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದುತ್ತೆ ಅಂತ ಬರ್ಕೊಳ್ತೀರಾ, ಮೂರು ತಿಂಗಳಾದ್ಮೇಲೆ ಮತ್ತೆ ಅದನ್ನೇ ನೋಡ್ತೀರಾ? ಇಲ್ಲ ಅಂದ್ರೆ ಎದ್ದು ಬನ್ನಿ. ಓದೋಕೆ ನೇರವಾಗಿ ಹೇಳ್ಕೊಡೋ ಟೀಚರನ್ನ ನಿಲ್ಸಿ ಅಂದ್ರೂ ಎದ್ದು ಬನ್ನಿ.

ನಾವು ಲೈಸೆನ್ಸ್ ಮುಗಿದಾಗ ರಿನ್ಯೂ ಮಾಡಿಸ್ಲಿಲ್ಲ, ಆ ದುಡ್ಡು ಟೀಚರ್ ಫೀಸಿಗೆ ಹೋಗ್ತಿದೆ. ಅವನ ಓದು ಇನ್ನೂ ನಿಧಾನ, ಸ್ಪೆಲ್ಲಿಂಗ್ ತಪ್ಪುತ್ತೆ, ಅದು ಇರುತ್ತೆ ಅಂತ ಟೀಚರ್ ಮೊದಲೇ ಹೇಳಿದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ತೊಂದರೆನೂ ಸೇರಿದೆ, ಸರ್ಟಿಫಿಕೇಟ್ ಇದ್ರೆ ಪರೀಕ್ಷೇಲಿ ಹೆಚ್ಚಿನ ಸಮಯ, ಬರೆಯೋಕೆ ಸಹಾಯಕರು ಇಂಥ ಅನುಕೂಲ ಕೇಳಬಹುದು, ಅದರ ಕಾಗದಪತ್ರದ ಕೆಲಸ ಎಸ್ಸೆಸ್ಸೆಲ್ಸಿ ತನಕ ಮುಂದೂಡಬೇಡಿ, ನಾವು ಈ ಬೇಸಿಗೆ ರಜೇಲೇ ಶುರು ಮಾಡ್ತಿದೀವಿ. ಕನ್ನಡದಲ್ಲಿ ರೆಮಿಡಿಯಲ್ ಹೇಳ್ಕೊಡೋರು ಎಲ್ಲಿ ಸಿಗ್ತಾರೆ ಅಂತ ಕೇಳೋರಿಗೆ, ನಮಗೆ ಸಿಕ್ಕಿದ್ದು ಅಸೆಸ್ಮೆಂಟ್ ಮಾಡಿದ ಕಡೆಯೇ ವಿಚಾರಿಸಿದಾಗ, ನೀವೂ ಅಲ್ಲೇ ಕೇಳಿ.